ಚಕ್ರದೊಳಗಿನ ಸುರುಳಿ

ಪುತ್ತೂರಿನಿಂದ ಸವಣೂರು, ಆಲಂಕಾರುಗಳನ್ನು ಹಾದು ಕಡಬಕ್ಕೆ ಹೋಗುವ ದಾರಿಯಲ್ಲಿ ನೆಟ್ಟಗಿನ ಹಾದಿಯೆಂಬುದು ಅಪರೂಪದ ವಸ್ತು. ಗುಡ್ಡವೊಂದನ್ನು ಬಳಸಿ ಇಳಿದರೆ ತೋಟ, ತೋಟ ದಾಟಿದರೆ ಮತ್ತೆ ಗುಡ್ಡ, ನಡುವೆ ಕುಮಾರಧಾರೆಯ ಸೇತುವೆ. ಅಲ್ಲಿ ವಾಹನ ನಡೆಸುವವನ ಕೈಯಲ್ಲಿ ಸ್ಟಿಯರಿಂಗ್ ಚಕ್ರ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ತಿರುವಿಗೊಂದು ಹಾರ್ನ್. ಸುಳ್ಯದಿಂದ ಸಂಪಾಜೆಯ ಮೇಲೆ ಮಡಿಕೇರಿಗೆ ಏರುವವರ ಪಾಡೂ ಇದೇ. ಬಯಲುಸೀಮೆಯ ಚಕ್ರ ಮೂರು ವರ್ಷದಲ್ಲಿ ತಿರುಗುವಷ್ಟು ಈ ಸೀಮೆಯ ಚಕ್ರ ಒಂದೇ ವರ್ಷದಲ್ಲಿ ತಿರುಗುತ್ತದೆ ಎಂದು ಯಾರಾದರೂ ಹೇಳಿದರೆ, ಅದನ್ನು ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ.

ಆ ದಾರಿಯಲ್ಲಿ ತಿಂಗಳಿಗೆರಡು ಬಾರಿ ಹೋಗಿಬರುವವರಲ್ಲಿ ಪುತ್ತೂರಿನ ನಿವೃತ್ತ ಅಧ್ಯಾಪಕರೊಬ್ಬರೂ ಇದ್ದಾರೆ. ಊರೆಲ್ಲ ಅವರನ್ನು ಕರೆಯುವುದು ‘ಮಾಸ್ಟ್ರು’ ಎಂದೇ. ಇಲ್ಲಿಯೂ ಆ ಹೆಸರೇ ಸಾಕು. ಅವರ ಮೂಲದ ಮನೆ, ಅಣ್ಣನ ಸಂಸಾರ, ಪಾಲಿನ ಅಡಿಕೆ ತೋಟ ಎಲ್ಲವೂ ಇರುವುದು ಕಡಬದ ಬಳಿ. ನಿವೃತ್ತಿಯ ಅನಂತರ ಓಡಾಟಕ್ಕೆಂದು ಅವರೊಂದು ಕಾರನ್ನು ಕೊಂಡರು. ಇನ್ನೊಬ್ಬರ ಕೈಯಿಂದ ಬಂದ ಗಾಡಿ. ಬಣ್ಣ ತಮಗೆ ಒಪ್ಪಿಗೆಯಾಗದಿದ್ದರೂ ಅದನ್ನೇ ಆರಿಸಿದ್ದು ಹೆಂಡತಿಯ ಹಟಕ್ಕೆ. ಆ ಗಾಡಿಯಲ್ಲಿ ಏರ್‌ಬ್ಯಾಗ್ ಇತ್ತು. ಅಪಘಾತವಾದರೆ ಕ್ಷಣಮಾತ್ರದಲ್ಲಿ ಉಬ್ಬಿ ಎದೆಗೂ ತಲೆಗೂ ಅಡ್ಡನಿಲ್ಲುವ ಗಾಳಿಯ ಚೀಲ.

“ಅರವತ್ತು ದಾಟಿದ ಮೇಲೆ ಡ್ರೈವಿಂಗು ಕಲಿತವರು ನೀವು. ನನಗೆ ಬಣ್ಣ ಬೇಡ, ಚೀಲ ಬೇಕು” ಎಂದಿದ್ದರು ಆಕೆ.

ಒಂದು ಕಾರ್ತಿಕಮಾಸದಲ್ಲಿ ಆ ಕಾರಿನೊಳಗೆ ಒಂದು ಸದ್ದು ಹುಟ್ಟಿತು. ದೊಡ್ಡ ಸದ್ದೇನಲ್ಲ. ಚಕ್ರವನ್ನು ಬಲಕ್ಕೆ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಿದಾಗ ಮಾತ್ರ, ಯಾರೋ ಪಕ್ಕದ ಕೋಣೆಯಲ್ಲಿ ಓಲೆಯ ಚಾಪೆ ಸುತ್ತಿಡುತ್ತಿರುವಂತೆ, ‘ಸರ್ರ್’ ಎಂದು ಕೇಳಿ ನಿಂತುಬಿಡುತ್ತಿತ್ತು. ಅದನ್ನು ಮೊದಲು ಗುರುತಿಸಿದವರು ಪಕ್ಕದಲ್ಲಿ ಕುಳಿತ ಗೃಹಿಣಿ. ಅಡಿಗೆಮನೆಯಲ್ಲಿ ಹಾಲು ಉಕ್ಕುವ ಮೊದಲಿನ ಸದ್ದನ್ನು ಚಾವಡಿಯಿಂದಲೇ ಗ್ರಹಿಸುವ ಕಿವಿ ಅದು.

“ನೋಡಿ, ಚಕ್ರದೊಳಗೆ ಏನೋ ಉಜ್ಜುತ್ತದೆ.”

“ಹಳೆಯ ಗಾಡಿ. ಮೂಳೆ ಇದ್ದಲ್ಲಿ ನೋವು ಇರುವುದೇ” ಎಂದರು ಮಾಸ್ಟ್ರು.

“ಎಡಕ್ಕೆ ತಿರುಗಿದರೆ ಇಲ್ಲವಲ್ಲ? ನೋವು ಒಂದೇ ಕಡೆಗೆ ಯಾಕೆ?”

ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೂವತ್ತು ವರ್ಷ ಪ್ರಶ್ನೆ ಕೇಳಿಯೇ ಅಭ್ಯಾಸವಾದವರಿಗೆ ಉತ್ತರ ಹೇಳುವ ವ್ಯವಧಾನವಿರಲಿಲ್ಲ. ಅವರು ರೇಡಿಯೋದ ಸ್ವರವನ್ನು ಸ್ವಲ್ಪ ಏರಿಸಿದರು. ಸದ್ದು ಹೋಯಿತು, ಕನಿಷ್ಠಪಕ್ಷ ಕೇಳಿಸಲಿಲ್ಲ.

ಪುಷ್ಯದ ಒಂದು ಭಾನುವಾರ ಅವರು ಮೊಮ್ಮಗಳನ್ನೂ ಕರೆದುಕೊಂಡು ಕಡಬದ ಮನೆಗೆ ಹೋದರು. ಅಡಿಕೆಯ ಕೊಯ್ಲಿನ ಕಾಲ. ಅಂಗಳದ ತುಂಬ ಅಡಿಕೆ ಒಣಗಲು ಹರವಿದ್ದರು. ಬೇರೆ ಸಮಯದಲ್ಲಿ ಕಾರನ್ನು ಅಂಗಳದಲ್ಲಿ ಒಂದು ಸುತ್ತು ಹಾಯಾಗಿ ಬಳಸಿ ತಿರುಗಿಸಿಕೊಳ್ಳಬಹುದಿತ್ತು. ಆ ದಿನ ಉಳಿದಿದ್ದದ್ದು ಕೊಟ್ಟಿಗೆಯ ಪಕ್ಕದ ಒಂದು ಇಕ್ಕಟ್ಟು ಜಾಗ. ಅಲ್ಲಿ ಗೂಟಕ್ಕೆ ಕಟ್ಟಿದ ಹಸುವೊಂದು ಸುತ್ತಿ ಸುತ್ತಿ, ಹಗ್ಗವೆಲ್ಲ ಗೂಟಕ್ಕೆ ಸುತ್ತಿಕೊಂಡು, ಕೊನೆಗೆ ಮೂತಿಯನ್ನು ಗೂಟಕ್ಕೆ ತಾಗಿಸಿಕೊಂಡು ಮಿಸುಕಲಾರದೆ ನಿಂತಿತ್ತು. ಅತ್ತಿಗೆ ಅದನ್ನು ಹಿಂದಕ್ಕೆ ಮೂರು ಸುತ್ತು ನಡೆಸಿ ಹಗ್ಗ ಬಿಡಿಸಿ ಕಾರಿಗೆ ದಾರಿಮಾಡಿಕೊಟ್ಟರು. ಮಾಸ್ಟ್ರು ಚಕ್ರವನ್ನು ಬಲಕ್ಕೆ ಅದು ನಿಲ್ಲುವವರೆಗೂ ತಿರುಗಿಸಿದರು. ಎಂದಿನ ‘ಸರ್ರ್’ ಕೇಳಿತು. ಅದರ ಬೆನ್ನಿಗೆ, ಒಣಗಿದ ಕಡ್ಡಿ ಮುರಿದಂತೆ, ‘ಟಿಕ್’ ಎಂದಿತು. ಎದುರಿನ ಫಲಕದಲ್ಲಿ ಒಂದು ಕೆಂಪು ದೀಪ ಹೊತ್ತಿತು: ಕುಳಿತ ಮನುಷ್ಯನೊಬ್ಬ ಎದೆಯ ಮುಂದೆ ದೊಡ್ಡ ಚೆಂಡು ಹಿಡಿದಿರುವ ಚಿತ್ರ. ಮಾಸ್ಟ್ರು ಬೆಲ್ಟು ಸರಿಯಾಗಿ ಕೂತಿಲ್ಲವೆಂದು ಅದನ್ನೊಮ್ಮೆ ಬಿಚ್ಚಿ ಹಾಕಿಕೊಂಡರು. ದೀಪ ಆರಲಿಲ್ಲ. ಸದ್ದಂತೂ ಆಮೇಲೆ ಕೇಳಲೇ ಇಲ್ಲ.

“ನೋಡಿದೆಯಾ, ತಾನಾಗಿಯೇ ಸರಿಯಾಯಿತು” ಎಂದು ಅವರು ಹೆಂಡತಿಗೆ ಹೇಳಿದರು.

ಸಂಜೆ ಹಿಂದಿರುಗುವಾಗ, ಒಂದು ಕುರುಡು ತಿರುವಿನಲ್ಲಿ ಮಾಸ್ಟ್ರು ವಾಡಿಕೆಯಂತೆ ಹಾರ್ನ್ ಒತ್ತಿದರು. ಹಾರ್ನ್ ಮೌನವಾಗಿತ್ತು. ಅವರು ಮತ್ತೆ ಒತ್ತಿದರು. ಆ ವೇಳೆಗೆ ತಿರುವಿನಾಚೆಯಿಂದ ಬಸ್ಸೊಂದು ರಸ್ತೆಯ ಮುಕ್ಕಾಲು ಪಾಲನ್ನು ಆಕ್ರಮಿಸಿಕೊಂಡು ಎದುರಾಯಿತು. ಕಾರಿನ ಎಡಚಕ್ರ ಚರಂಡಿಯ ಅಂಚಿಗೆ ಇಳಿದು ನಿಂತಿತು. ಬಸ್ಸು ಕನ್ನಡಿಯನ್ನು ಸವರಿಕೊಂಡು ಹೋಯಿತು. ಹಿಂದಿನ ಆಸನದಲ್ಲಿ ಮಗು ನಿದ್ದೆಯಿಂದ ಎದ್ದು ಅಳತೊಡಗಿತು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಮಾಸ್ಟ್ರ ಕೈ ಪುತ್ತೂರು ತಲಪುವವರೆಗೂ ನಡುಗುತ್ತಲೇ ಇತ್ತು. ಆ ದಾರಿಯಲ್ಲಿ ರೇಡಿಯೋ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನ ಮೆಕ್ಯಾನಿಕ್ ದೀಪವನ್ನು ನೋಡಿದ, ಹಾರ್ನನ್ನು ಒತ್ತಿದ, ಎರಡೇ ಮಾತಿನಲ್ಲಿ ರೋಗವನ್ನು ಹೇಳಿದ.

“ಕ್ಲಾಕ್ ಸ್ಪ್ರಿಂಗ್ ಹೋಗಿದೆ, ಮಾಸ್ಟ್ರೇ.”

“ಕ್ಲಾಕು ಎಲ್ಲುಂಟು ಮಾರಾಯಾ ಇದರಲ್ಲಿ?”

ಗಡಿಯಾರವೇನೂ ಇಲ್ಲ, ಗಡಿಯಾರದ ಕಮಾನಿನಂತೆ ಸುತ್ತಿಟ್ಟ ಒಂದು ಪಟ್ಟಿ ಇದೆ. ಚಕ್ರ ತಿರುಗುವ ವಸ್ತು. ಅದರ ಕೆಳಗಿನ ಕಂಬ ನಿಂತಿರುವ ವಸ್ತು. ಹಾರ್ನಿನ ಗುಂಡಿ, ರೇಡಿಯೋದ ಗುಂಡಿಗಳು, ಚಾಲಕನ ಏರ್‌ಬ್ಯಾಗ್, ಇವೆಲ್ಲ ತಿರುಗುವ ಚಕ್ರದ ಮೇಲಿವೆ. ಅವುಗಳಿಗೆ ವಿದ್ಯುತ್ತು ಬರಬೇಕಾದದ್ದು ನಿಂತಿರುವ ಗಾಡಿಯಿಂದ. ನೇರವಾಗಿ ತಂತಿ ಎಳೆದರೆ ಎರಡು ತಿರುವಿಗೆ ಹುರಿಗಟ್ಟಿ ಹರಿಯುತ್ತದೆ. ಆದ್ದರಿಂದ ಕಾಗದದಷ್ಟು ತೆಳುವಾದ ತಾಮ್ರದ ಎಳೆಗಳನ್ನು ಪ್ಲಾಸ್ಟಿಕ್ಕಿನ ಪಟ್ಟಿಯೊಳಗೆ ಅಂಟಿಸಿ, ಆ ಪಟ್ಟಿಯನ್ನು ಅಂಗೈಯಗಲದ ಡಬ್ಬಿಯೊಂದರಲ್ಲಿ ಸುರುಳಿಯಾಗಿ ಸುತ್ತಿ, ಒಂದು ತುದಿಯನ್ನು ಗಾಡಿಗೂ ಇನ್ನೊಂದನ್ನು ಚಕ್ರಕ್ಕೂ ಕಟ್ಟುತ್ತಾರೆ. ಚಕ್ರ ಒಂದು ಕಡೆಗೆ ತಿರುಗಿದರೆ ಸುರುಳಿ ಬಿಗಿಯಾಗುತ್ತದೆ. ಇನ್ನೊಂದು ಕಡೆಗೆ ತಿರುಗಿದರೆ ಸಡಿಲವಾಗುತ್ತದೆ. ಅಷ್ಟೇ ಅದರ ಬಾಳು.

ಹಿಂದಿನ ಕಾರುಗಳಲ್ಲಿ ಈ ಡಬ್ಬಿ ಇರಲಿಲ್ಲ. ಅಂಬಾಸಿಡರ್, ಫಿಯಟ್‌ಗಳ ಕಾಲದಲ್ಲಿ ಚಕ್ರದ ಮೂಲಕ ಹೋಗಬೇಕಾದದ್ದು ಹಾರ್ನ್ ಒಂದೇ. ಲೋಹದ ಒಂದು ಬಳೆ, ಅದನ್ನು ಸ್ಪ್ರಿಂಗಿನ ಬಲದಿಂದ ಮುಟ್ಟಿಕೊಂಡಿರುವ ಒಂದು ಬೆರಳು, ಇಷ್ಟಾದರೆ ಸಾಕಾಗುತ್ತಿತ್ತು. ಎಷ್ಟು ಸುತ್ತು ತಿರುಗಿದರೂ ಅದಕ್ಕೆ ದಣಿವಿಲ್ಲ. ಸ್ವಲ್ಪ ಕೊಳೆ ಕೂತು ಹಾರ್ನ್ ಒಮ್ಮೆ ಕೂಗದಿದ್ದರೆ ಇನ್ನೊಮ್ಮೆ ಒತ್ತಬಹುದು. ಏರ್‌ಬ್ಯಾಗ್ ಬಂದಮೇಲೆ ಆ ‘ಇನ್ನೊಮ್ಮೆ’ ಎಂಬ ಮಾತು ಹೋಯಿತು. 1981ರ ಸುಮಾರಿಗೆ ಜರ್ಮನಿಯ ಮರ್ಸಿಡಿಸ್ ಬೆಂಜ್ ಕಾರುಗಳಲ್ಲಿ ಚಾಲಕನ ಗಾಳಿಚೀಲ ಬಳಕೆಗೆ ಬಂತು. ಅಪಘಾತದ ಹೊಡೆತವನ್ನು ಅಳೆದು, ಕಿಡಿ ಹೊತ್ತಿಸಿ, ಚೀಲ ಉಬ್ಬುವುದೆಲ್ಲ ಕಣ್ಣು ಮಿಟುಕುವಷ್ಟರಲ್ಲಿ ಮುಗಿಯಬೇಕು. ಆ ಗಳಿಗೆಯಲ್ಲಿ ಬೆರಳಿಗೂ ಬಳೆಗೂ ನಡುವೆ ಒಂದು ಧೂಳಿನ ಕಣ ಬಂದರೆ ಮುಗಿಯಿತು. ಆದ್ದರಿಂದಲೇ ನಡುವೆ ಎಲ್ಲೂ ಕಡಿಯದ, ಒಂದೇ ಎಳೆಯ ದಾರಿ ಬೇಕಾಯಿತು. ಸುರುಳಿಯ ಡಬ್ಬಿ ರೂಢಿಗೆ ಬಂತು. ಭಾರತದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಈಗ ಮಾರಾಟವಾಗುವ ಪ್ರತಿಯೊಂದು ಕಾರಿನ ಚಕ್ರದ ಕೆಳಗೂ ಯಾರ ಕಣ್ಣಿಗೂ ಬೀಳದ ಇಂಥದೊಂದು ಡಬ್ಬಿ ಕುಳಿತಿರುವುದು ಸಾಮಾನ್ಯ.

“ಹಾಗಾದರೆ ನಿನ್ನೆ ಬಸ್ಸು ತಾಗಿದ್ದರೆ?” ಎಂದು ಮಾಸ್ಟ್ರು ಕೇಳಿದರು.

ಮೆಕ್ಯಾನಿಕ್ ಸ್ವಲ್ಪ ತಡೆದು ಉತ್ತರಿಸಿದ: “ನಿಮ್ಮ ಎದುರಿನ ಚೀಲ ಬಿಚ್ಚುತ್ತಿರಲಿಲ್ಲ. ಆ ಕೆಂಪು ದೀಪ ಹೇಳುತ್ತಿದ್ದದ್ದು ಅದನ್ನೇ.”

ಮಾಸ್ಟ್ರು ಬೆಂಚಿನ ಮೇಲೆ ಕುಳಿತರು. ಆಮೇಲೆ ಅವರು ಕೇಳಿದ ಪ್ರಶ್ನೆ ಹೆಂಡತಿ ಎಂದೋ ಕೇಳಿದ್ದೇ ಆಗಿತ್ತು: ಸದ್ದು ಬಲಕ್ಕೆ ಮಾತ್ರ ಏಕೆ?

ಅದಕ್ಕೂ ಉತ್ತರವಿತ್ತು. ಆ ಕಾರಿನ ಚಕ್ರ ಎಡದ ಕೊನೆಯಿಂದ ಬಲದ ಕೊನೆಗೆ ಮೂರೂವರೆ ಸುತ್ತು ತಿರುಗುತ್ತದೆ. ಅಂದರೆ ನಡುವಿನಿಂದ ಆ ಕಡೆಗೆ ಒಂದು ಮುಕ್ಕಾಲು, ಈ ಕಡೆಗೆ ಒಂದು ಮುಕ್ಕಾಲು. ಸುರುಳಿಗೆ ಒಟ್ಟು ಐದು ಸುತ್ತಿನ ಅವಕಾಶವಿದೆ: ಎರಡೂವರೆ ಆ ಕಡೆ, ಎರಡೂವರೆ ಈ ಕಡೆ. ಹೀಗೆ ಎರಡು ಬದಿಗೂ ಮುಕ್ಕಾಲು ಸುತ್ತು ಮಿಗುತ್ತದೆ. ಆದರೆ ಹಿಂದೆ ಎಂದೋ, ಎಲ್ಲೋ, ಯಾರೋ ಆ ಚಕ್ರವನ್ನು ಬಿಚ್ಚಿ ಕೂರಿಸುವಾಗ ಡಬ್ಬಿಯನ್ನು ನಡುವಿಗೆ ತರದೆ, ಒಂದು ಸುತ್ತು ತಪ್ಪಾಗಿ ಇಟ್ಟಿದ್ದರು. ಎಡಕ್ಕೆ ಮೂರೂವರೆ ಸುತ್ತಿನ ಅವಕಾಶ, ಬಲಕ್ಕೆ ಒಂದೂವರೆ ಮಾತ್ರ. ರಸ್ತೆಯಲ್ಲಿ ಯಾರೂ ಚಕ್ರವನ್ನು ಕೊನೆಯವರೆಗೆ ತಿರುಗಿಸುವುದಿಲ್ಲ. ಆದ್ದರಿಂದ ಇಷ್ಟು ಕಾಲ ನಡೆಯಿತು. ಬಲತಿರುವಿನಲ್ಲಿ ಸುರುಳಿ ನಡುವಿನ ಗಾಲಿಗೆ ಬಿಗಿದುಕೊಂಡು ಡಬ್ಬಿಯ ತಳವನ್ನು ಉಜ್ಜುತ್ತಿತ್ತು, ಅಷ್ಟೇ. ಕಡಬದ ಅಂಗಳದಲ್ಲಿ ಅಡಿಕೆಯ ನಡುವೆ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಕಾಲು ಸುತ್ತು ಸಾಲದೆ ಬಂತು. ಪಟ್ಟಿ ಹರಿಯಿತು.

ಮೆಕ್ಯಾನಿಕ್ ಬ್ಯಾಟರಿಯ ತಂತಿ ಬಿಚ್ಚಿ, ಕೆಲವು ನಿಮಿಷ ಸುಮ್ಮನೆ ಕಾದು, ಆಮೇಲಷ್ಟೇ ಚಕ್ರಕ್ಕೆ ಕೈಹಾಕಿದ. ಗಾಳಿಚೀಲದ ಕಿಡಿಗೆ ಬೇಕಾದ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದುಕೊಂಡಿರುತ್ತದೆಯಂತೆ. ಹರಿದ ಪಟ್ಟಿಗೆ ಬೆಸುಗೆ ಹಾಕಿಕೊಡಲಾಗದೆ ಎಂದು ಕೇಳಿದರೆ, “ಇಲ್ಲಿ ಬೆಸುಗೆಯ ಮಾತಿಲ್ಲ, ಮಾಸ್ಟ್ರೇ. ಇದು ಪ್ರಾಣದ ದಾರಿ” ಎಂದ. ಹೊಸ ಡಬ್ಬಿ ಬಂತು. ಮುಂದಿನ ಗಾಲಿಗಳನ್ನು ನೆಟ್ಟಗೆ ನಿಲ್ಲಿಸಿ, ಬಾಣದ ಗುರುತಿಗೆ ಬಾಣದ ಗುರುತು ಕೂಡಿಸಿ ಅದನ್ನು ಕೂರಿಸಿದ. ಹಾರ್ನ್ ಕೂಗಿತು. ಕೆಂಪು ದೀಪ ಆರಿತು. ಹಳೆಯ ಡಬ್ಬಿಯನ್ನು ಮಾಸ್ಟ್ರು ಕಾಗದದಲ್ಲಿ ಸುತ್ತಿ ಮನೆಗೆ ತಂದರು.

ಸುಳ್ಯದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದ ಅವರ ಸೋದರಳಿಯ ಆ ವಾರ ಮನೆಗೆ ಬಂದ. ತಯಾರಿಸಿ ತೋರಿಸಬೇಕಾದ ಪ್ರಾಜೆಕ್ಟಿಗೆ ವಿಷಯ ಸಿಗದೆ ಅಲೆಯುತ್ತಿದ್ದ ಹುಡುಗ. ಮಾವನ ಕತೆ ಕೇಳಿ ಡಬ್ಬಿಯನ್ನು ಬಿಚ್ಚಿದ. ಒಳಗಿನ ಪಟ್ಟಿಯನ್ನು ಎಳೆದಂತೆಲ್ಲ ಅದು ಬರುತ್ತಲೇ ಇತ್ತು; ಚಾವಡಿಯ ಈ ಗೋಡೆಯಿಂದ ನಡುಬಾಗಿಲಿನವರೆಗೆ ಬಂತು.

“ಕಡಬದ ಹಸುವಿನ ಹಗ್ಗ ನೆನಪುಂಟಲ್ಲ ಮಾವ? ಇದೂ ಹಾಗೆಯೇ. ಮೂರು ಸುತ್ತು ಮುಂದೆ ಹೋದರೆ ಮೂರು ಸುತ್ತು ಹಿಂದೆ ಬರಬೇಕು. ಗೂಟದ ಹತ್ತಿರ ಹಗ್ಗ ಮುಗಿದರೆ ಕುತ್ತಿಗೆಗೆ ಉರುಳು.” ಹೀಗೆ ಹೇಳಿ ಅವನು ಅತ್ತೆಯಿಂದ ಎರಡು ತಗಡಿನ ಡಬ್ಬಿ ಕೇಳಿದ: ಒಂದು 8 ಸೆಂಟಿಮೀಟರ್ ವ್ಯಾಸದ್ದು, ಇನ್ನೊಂದು ಅದರೊಳಗೆ ನಿಲ್ಲುವಂಥ 5 ಸೆಂಟಿಮೀಟರಿನದು. ಅಂಗಡಿಯ ರಟ್ಟಿನ ಪೆಟ್ಟಿಗೆಗಳಿಗೆ ಬಿಗಿದಿರುವ ಪ್ಲಾಸ್ಟಿಕ್ ಪಟ್ಟಿ ಅವನ ತಂತಿಯಾಯಿತು.

ಮೊದಲು ಅವನು ಸಾದಾ ಸುರುಳಿ ಸುತ್ತಿದ. ದೊಡ್ಡ ಡಬ್ಬಿಯ ಗೋಡೆಗೆ ಅಂಟಿಕೊಂಡ ಪಟ್ಟಿ ಚಿಕ್ಕ ಡಬ್ಬಿಯ ಮೈಗೆ ಬಿಗಿದುಕೊಳ್ಳುವಷ್ಟರಲ್ಲಿ ಐದು ಸುತ್ತು ಆಗಬೇಕಾದರೆ ಎಷ್ಟು ಉದ್ದ ಬೇಕು? ಕಾಗದದ ಮೇಲೆ ಲೆಕ್ಕ ಹಾಕಿದಾಗ 2 ಮೀಟರಿಗೂ ಸ್ವಲ್ಪ ಹೆಚ್ಚು ಬಂತು. ದೊಡ್ಡ ಸುತ್ತು ಚಿಕ್ಕ ಸುತ್ತಾಗುವ ಅಲ್ಪ ವ್ಯತ್ಯಾಸದಿಂದಲೇ ಐದು ಸುತ್ತನ್ನೂ ಸಂಪಾದಿಸಬೇಕಲ್ಲ, ಅದಕ್ಕೆ ಇಷ್ಟು ಉದ್ದ. ಆಮೇಲೆ ಅವನು ಇನ್ನೊಂದು ಬಗೆಯನ್ನು ತೋರಿಸಿದ. ಪಟ್ಟಿಯನ್ನು ಚಿಕ್ಕ ಡಬ್ಬಿಗೆ ಒಂದು ದಿಕ್ಕಿನಲ್ಲಿ ಸುತ್ತಿ, ನಡುವೆ ಕುದುರೆಯ ಲಾಳದಂತೆ ಹಿಂದಕ್ಕೆ ಬಗ್ಗಿಸಿ, ದೊಡ್ಡ ಡಬ್ಬಿಯ ಗೋಡೆಗೆ ಎದುರು ದಿಕ್ಕಿನಲ್ಲಿ ಸುತ್ತಿದ. ಚಿಕ್ಕ ಡಬ್ಬಿ ತಿರುಗಿದಾಗ ಲಾಳದ ಬಾಗು ಡಬ್ಬಿಗಳ ನಡುವಿನ ಓಣಿಯಲ್ಲಿ ಮೆಲ್ಲಗೆ ಸುತ್ತುಹಾಕುತ್ತ, ಹೊರಗಿನ ಪಟ್ಟಿಯನ್ನು ಒಳಕ್ಕೆ ಸಾಗಿಸಿತು. ಇಲ್ಲಿ ಒಳಗಿನ ಸುತ್ತೂ ಲೆಕ್ಕಕ್ಕೆ ಬರುತ್ತದೆ, ಹೊರಗಿನ ಸುತ್ತೂ ಬರುತ್ತದೆ. ಅದೇ ಡಬ್ಬಿಗಳು, ಅದೇ ಐದು ಸುತ್ತು; ಬೇಕಾದ ಪಟ್ಟಿ 50 ಸೆಂಟಿಮೀಟರಿಗಿಂತಲೂ ಕಡಿಮೆ!

ಮಾಸ್ಟ್ರು ಮೂರು ಬಾರಿ ಅಳೆದರು. ನಾಲ್ಕರಲ್ಲಿ ಒಂದು ಪಾಲೂ ಬೇಕಾಗಲಿಲ್ಲ. “ಬಾಗುವುದನ್ನು ಕಲಿತರೆ ಇಷ್ಟು ಲಾಭವೇ!” ಎಂದು ಅವರು ಬೆರಗಾದರು.

ಇದು ಹುಡುಗನ ಶೋಧವೇನೂ ಅಲ್ಲ. ಕಾರಿನ ಬಿಡಿಭಾಗ ಮಾಡುವವರು ಈ ಬಗೆಯನ್ನು ಎಂದೋ ಅರಿತು ಬಳಸುತ್ತಿದ್ದಾರೆ. ಅದರ ಕಷ್ಟವೂ ಅವರಿಗೆ ಗೊತ್ತು. ಬಾಗಿದ ಭಾಗ ಕುಸಿಯದಂತೆ ಅದಕ್ಕೆ ಆಸರೆಯಾಗಿ ಪುಟ್ಟ ಉರುಳೆಗಳನ್ನು ಇಡಬೇಕು. ಉರುಳೆಗಳನ್ನು ಹಿಡಿದಿಡಲು ಒಂದು ಬಳೆ ಬೇಕು. ಬಳೆ ಸುಸೂತ್ರವಾಗಿ ತಿರುಗಲು ಸ್ವಲ್ಪ ಸಡಿಲ ಬಿಡಬೇಕು. ಎಲ್ಲಿ ಸಡಿಲವೋ ಅಲ್ಲಿ ಸದ್ದು. ಹೊಂಡದ ರಸ್ತೆಯಲ್ಲಿ ಉರುಳೆಗಳು ‘ಕಟಕಟ’ ಎನ್ನುತ್ತವೆ. ಪಟ್ಟಿಯನ್ನು ಎಳೆಯುವಾಗ ಅದು ಸುಮ್ಮನೆ ಬರುತ್ತದೆ. ಹಿಂದಕ್ಕೆ ತಳ್ಳುವಾಗ ಉಬ್ಬಿ ಗೋಡೆಗೆ ಬಡಿಯುತ್ತದೆ. ಅದರ ಅಂಚು ತಳವನ್ನು ಕೆರೆಯುತ್ತದೆ. ಇಂಜಿನಿನ ಗದ್ದಲದ ಕಾಲದಲ್ಲಿ ಇದನ್ನು ಯಾರೂ ಕೇಳುತ್ತಿರಲಿಲ್ಲ; ಇಂಜಿನುಗಳು ಮೆತ್ತಗಾಗಿ, ವಿದ್ಯುತ್ತಿನ ಕಾರುಗಳೂ ಬಂದಮೇಲೆ ಚಾಲಕನ ಮೂಗಿನ ಮುಂದಿನ ಪಿಸುಮಾತೂ ದೂರಿಗೆ ಕಾರಣವಾಯಿತು. ಚಕ್ರದ ಹೊರ ಅಂಚು ತಿರುಗಿದರೂ ನಡುವಿನ ಭಾಗ ತಿರುಗದೆ ನಿಲ್ಲುವ ಕಾರನ್ನು ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆ 2004ರಲ್ಲಿ ಹೊರತಂದದ್ದುಂಟು. ಆದರೆ ನಡುವನ್ನು ನಿಲ್ಲಿಸಲು ಬೇರೆಯೇ ಏರ್ಪಾಡು ಬೇಕು. ತೊಡಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮನೆ ಬದಲಿಸಿದಂತಾಯಿತು.

ಹುಡುಗನ ತಗಡಿನ ಮಾದರಿಯೂ ಅಲ್ಲಾಡಿಸಿದರೆ ಗಲಗಲ ಎನ್ನುತ್ತಿತ್ತು. ಅವನು ತಳಕ್ಕೆ ಮಖಮಲ್ಲಿನ ತುಂಡೊಂದನ್ನು ಅಂಟಿಸಿದ. ಸದ್ದು ನಿಂತಿತು. ಅವನು ಗೆಲವಿನಿಂದ ಅತ್ತೆಯನ್ನು ಕರೆದ. ಆಕೆ ಕೈಯ ಕೆಲಸ ಬಿಟ್ಟು ಬಂದು ಚಿಕ್ಕ ಡಬ್ಬಿಯನ್ನು ಎರಡು ಬೆರಳಿನಿಂದ ತಿರುಗಿಸಿ ನೋಡಿದರು.

“ಮೊದಲಿಗಿಂತ ಬಿಗಿ. ಸದ್ದು ಹೋಯಿತು, ಸರಿ, ಉಜ್ಜುವುದು ಹೋಯಿತೇ?”

ಹುಡುಗ ಉತ್ತರಿಸಲಿಲ್ಲ.

“ಕಡಬದ ಮನೆಯ ಬಾವಿಯ ರಾಟೆ ಕಿರಿಕಿರಿ ಎನ್ನುತ್ತಿತ್ತು. ಸದ್ದಾಗಬಾರದೆಂದು ಯಾರೋ ಅದರ ಕೀಲಿಗೆ ಬಟ್ಟೆ ತುರುಕಿದರು. ಆರು ತಿಂಗಳು ಸುಮ್ಮನಿತ್ತು. ಆಮೇಲೆ ಕೀಲು ಸವೆದು ಕೊಡಪಾನದ ಸಮೇತ ಬಾವಿಗೆ ಬಿತ್ತು. ನಿಮ್ಮ ಮಾವನ ರೇಡಿಯೋ ಕೂಡ ಅಂಥ ಬಟ್ಟೆಯೇ.”

ಮಾಸ್ಟ್ರು ಕಿಟಕಿಯ ಹೊರಗೆ ನೋಡಿದರು. ಆಕೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮಖಮಲ್ಲು ಹೊರಬಂತು. ಅಲ್ಲಿಂದ ಮುಂದೆ ಹುಡುಗನ ಕೆಲಸದ ದಿಕ್ಕೇ ಬದಲಾಯಿತು. ಸದ್ದನ್ನು ಮುಚ್ಚುವುದರ ಬದಲು, ಸದ್ದು ಮಾಡುವ ವಸ್ತುಗಳಲ್ಲಿ ಯಾವುದನ್ನು ತೆಗೆದುಹಾಕಬಹುದು ಎಂದು ಅವನು ಹುಡುಕತೊಡಗಿದ. ಎಂಟು ಉರುಳೆಗಳನ್ನು ಮೂರಕ್ಕೆ ಇಳಿಸಿದ. ಪಟ್ಟಿ ಸ್ವಲ್ಪ ಗಟ್ಟಿಯಾಗಿದ್ದರೆ ಬಾಗು ತನ್ನ ಬಲದಿಂದಲೇ ನಿಲ್ಲುತ್ತದೆ, ಉರುಳೆಯೇ ಬೇಡ. ಆದರೆ ಪಟ್ಟಿ ದಪ್ಪವಾದಷ್ಟೂ ಬಾಗುವಲ್ಲಿ ತಾಮ್ರಕ್ಕೆ ಎಳೆತ ಹೆಚ್ಚು. ದಪ್ಪ ಇಮ್ಮಡಿಯಾದರೆ ಎಳೆತವೂ ಇಮ್ಮಡಿ, ಆಯುಸ್ಸು ಕಡಿಮೆ. ಹಾಗಾಗಿ ತಾಮ್ರವನ್ನು ತೆಳುವಾಗಿಯೇ ಉಳಿಸಿ, ಬಾಗನ್ನು ಆದಷ್ಟು ಅಗಲವಾಗಿ ಬಿಡಬೇಕು. ತಳಕ್ಕೆ ಜಾರುವ ಹಾಳೆ ಹಾಸಬೇಕು. ಹರಿದಾಡುವ ಎಣ್ಣೆ ಹಾಕಬಾರದು, ಅದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಪ್ಪುತ್ತಿತ್ತು. ಸುಳ್ಯದ ಹಾಸ್ಟೆಲಿನಿಂದ ಅವನು ವಾರವಾರ ಹೊಸ ನಕ್ಷೆ ತರುತ್ತಿದ್ದ. ಪ್ರತಿ ನಕ್ಷೆಯಲ್ಲೂ ಬಿಡಿಭಾಗಗಳ ಸಂಖ್ಯೆ ಹಿಂದಿನದಕ್ಕಿಂತ ಒಂದೋ ಎರಡೋ ಕಡಿಮೆ ಇರುತ್ತಿತ್ತು.

ಒಮ್ಮೆ ಅವನು ಅದನ್ನು ಗ್ಯಾರೇಜಿಗೆ ಒಯ್ದು ಮೆಕ್ಯಾನಿಕ್‌ಗೆ ತೋರಿಸಿದ. ಅವನು ಎಲ್ಲವನ್ನೂ ಗಮನವಿಟ್ಟು ನೋಡಿ ಒಂದು ಆಕ್ಷೇಪ ಎತ್ತಿದ.

“ಸದ್ದೇ ಇಲ್ಲದಿದ್ದರೆ ಹಾಳಾದದ್ದು ಗೊತ್ತಾಗುವುದು ಹೇಗೆ? ಮಾಸ್ಟ್ರ ಗಾಡಿ ಎರಡು ತಿಂಗಳು ಮೊದಲೇ ಹೇಳಿತ್ತು.”

“ಹೇಳಿತ್ತು, ಕೇಳಿದವರು ಯಾರು?” ಎಂದ ಹುಡುಗ. ಹಾಗೆ ಹೇಳಿದ ಮೇಲೆ ಅವನಿಗೇ ಸಂಕೋಚವಾಯಿತು. ಮಾವ ಪಕ್ಕದಲ್ಲೇ ಇದ್ದರು.

ಆಕ್ಷೇಪ ಹುರುಳಿಲ್ಲದ್ದಲ್ಲ. 2014ರ ಏಪ್ರಿಲ್ ತಿಂಗಳಲ್ಲಿ ಟೊಯೋಟ ಸಂಸ್ಥೆ ಜಗತ್ತಿನಾದ್ಯಂತ 60 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ತಪಾಸಣೆಗೆಂದು ಹಿಂದಕ್ಕೆ ಕರೆದಾಗ, ಅದರ ಕಾರಣಗಳಲ್ಲಿ ಈ ಸುರುಳಿಯೂ ಒಂದಾಗಿತ್ತು. ಬಿಡದಿಯಲ್ಲಿ ತಯಾರಾದ ಸುಮಾರು 45 ಸಾವಿರ ಇನ್ನೋವಾಗಳೂ ಆ ಕರೆಗೆ ಸೇರಿದ್ದವು. ಕೈಯಗಲದ ಒಂದು ಡಬ್ಬಿಗೆ ಅಷ್ಟು ದೊಡ್ಡ ಸಂಸ್ಥೆಯೂ ತಲೆಬಾಗಬೇಕಾಯಿತು. ಏಕೆಂದರೆ ಅದು ಕೆಟ್ಟರೆ ದೀಪವೊಂದು ಹೊತ್ತುತ್ತದೆ, ಆದರೆ ಗಾಡಿ ಮೊದಲಿನಂತೆಯೇ ಓಡುತ್ತದೆ. ಓಡುವ ಗಾಡಿಯನ್ನು ಯಾರೂ ಸಂಶಯಿಸುವುದಿಲ್ಲ.

ಕೊನೆಗೆ ಮೂವರೂ ಒಪ್ಪಿದ ಮಾತು ಇದು: ಎಚ್ಚರಿಸುವುದು ದೀಪದ ಕೆಲಸ, ಉಜ್ಜಾಟವನ್ನು ಎಚ್ಚರಿಕೆಯೆಂದು ನಂಬಿ ಉಳಿಸಿಕೊಳ್ಳುವುದು ಸರಿಯಲ್ಲ. ಉಜ್ಜಾಟ ಇಲ್ಲವಾಗಿ ಬಂದ ಮೌನವಾದರೆ ಅದನ್ನು ನಂಬಬಹುದು. ಆದರೆ ಮೆಕ್ಯಾನಿಕ್ ಇನ್ನೊಂದು ಮಾತನ್ನೂ ಸೇರಿಸಿದ. “ಸರಳ ಮಾಡಿದ್ದೀ, ಸಂತೋಷ. ಕಾರ್ಖಾನೆಯಲ್ಲಿ ಕೂರಿಸುವವನಿಗೆ ಸರಳವಾದರೆ ಸಾಲದು. ಹತ್ತು ವರ್ಷದ ಮೇಲೆ, ಮಳೆಗಾಲದ ಸಂಜೆ, ಕರೆಂಟು ಹೋದಾಗ, ಟಾರ್ಚು ಹಿಡಿದು ಬಿಚ್ಚಿ ಕೂರಿಸುವವನಿಗೂ ಸರಳವಾಗಬೇಕು. ಮಾಸ್ಟ್ರ ಡಬ್ಬಿ ಕೆಟ್ಟದ್ದು ತಯಾರಿಸಿದವನ ಕೈಯಿಂದಲ್ಲ. ಆಮೇಲೆ ಬಿಚ್ಚಿದವನ ಕೈಯಿಂದ.”

ಹುಡುಗ ಆ ರಾತ್ರಿ ತನ್ನ ನಕ್ಷೆಗೆ ಒಂದೇ ಒಂದು ವಸ್ತುವನ್ನು ಹೊಸದಾಗಿ ಸೇರಿಸಿದ: ಡಬ್ಬಿಯ ಮುಚ್ಚಳದಲ್ಲಿ ಹುರುಳಿಕಾಳಿನಷ್ಟು ಒಂದು ಕಿಟಕಿ. ಸುರುಳಿ ನಡುವಿನಲ್ಲಿದ್ದರೆ ಬಾಗಿನ ಮೇಲೆ ಬಳಿದ ಬಿಳಿಯ ಗುರುತು ಅಲ್ಲಿ ಕಾಣುತ್ತದೆ. ಒಂದು ಸುತ್ತು ತಪ್ಪಿದರೂ ಕಾಣುವುದಿಲ್ಲ. ಬಾಣಗಳು ಪ್ರತಿ ಸುತ್ತಿಗೂ ಒಮ್ಮೆ ಕೂಡುತ್ತವೆ. ಬಾಗಾದರೋ ಒಂದೊಂದು ಸುತ್ತಿಗೆ ಒಂದೊಂದು ಬೇರೆ ಜಾಗದಲ್ಲಿರುತ್ತದೆ. ಎಷ್ಟು ಬಿಡಿಭಾಗಗಳನ್ನು ತೆಗೆದು, ಕೊನೆಗೆ ಕೂಡಿಸಿದ್ದು ಬರಿಯ ಒಂದು ತೂತು.

ಅವನಿಗೆ ಕಾಲೇಜಿನಲ್ಲಿ ಒಳ್ಳೆಯ ಅಂಕ ಬಂತು; ಬಹುಮಾನವೇನೂ ಬರಲಿಲ್ಲ. ತಗಡಿನ ಮಾದರಿ ಈಗಲೂ ಪುತ್ತೂರಿನ ಮನೆಯ ಕಪಾಟಿನಲ್ಲಿದೆ. ಮೊಮ್ಮಗಳು ರಜೆಗೆ ಬಂದಾಗ ಅದನ್ನು ತಿರುಗಿಸಿ ಕಿಟಕಿಯಲ್ಲಿ ಬಿಳಿಯ ಚುಕ್ಕೆ ಬರುವುದನ್ನು ಕಾಯುತ್ತಾಳೆ.

ಮಾಸ್ಟ್ರು ಕಾರು ಹೊರಡಿಸುವ ಕ್ರಮದಲ್ಲಿ ಮಾತ್ರ ಒಂದು ಬದಲಾವಣೆಯಾಗಿದೆ. ಕೀಲಿ ತಿರುಗಿಸಿದೊಡನೆ ಆ ಕೆಂಪು ಮನುಷ್ಯ ಚೆಂಡು ಹಿಡಿದು ಕಾಣಿಸಿಕೊಳ್ಳುತ್ತಾನೆ. ಕೆಲವು ಸೆಕೆಂಡುಗಳಲ್ಲಿ ಮರೆಯಾಗುತ್ತಾನೆ. ಅವನು ಮರೆಯಾಗುವವರೆಗೆ ದಂಪತಿಗಳು ಮಾತಾಡದೆ ಕುಳಿತಿರುತ್ತಾರೆ. “ಹೋದ” ಎಂದು ಆಕೆ ಹೇಳಿದ ಮೇಲೆಯೇ ಗಾಡಿ ಚಲಿಸುವುದು.

ಮುಂದಿನ ಕೊಯ್ಲಿನ ಕಾಲದಲ್ಲಿ ಕಡಬದ ಅಂಗಳ ಮತ್ತೆ ಅಡಿಕೆಯಿಂದ ತುಂಬಿತು. ಕೊಟ್ಟಿಗೆಯ ಪಕ್ಕದ ಅದೇ ಇಕ್ಕಟ್ಟಿನಲ್ಲಿ ಮಾಸ್ಟ್ರು ಚಕ್ರವನ್ನು ಬಲಕ್ಕೆ ಕೊನೆಯವರೆಗೂ ತಿರುಗಿಸಿ, ಉಸಿರು ಹಿಡಿದು ಆಲಿಸಿದರು. ಏನೂ ಕೇಳಲಿಲ್ಲ. ಪಕ್ಕದ ಆಸನದತ್ತ ನೋಡಿದರು.

“ಇಲ್ಲ, ಏನೂ ಇಲ್ಲ” ಎಂದರು ಆಕೆ.

ಗಾಜಿನಾಚೆ ಅತ್ತಿಗೆ ಹಸುವನ್ನು ಗೂಟದ ಸುತ್ತ ಹಿಂದಕ್ಕೆ ನಡೆಸುತ್ತ, ಹಗ್ಗ ಬಿಡಿಸುತ್ತಿದ್ದರು.